ಬೀಳ್ಕೊಡುಗೆಗೆ ಹೊಲಿಸಿದ ಕೋಟು

ಭೋಸರಿಯ ಕಾರ್ಖಾನೆಯಿಂದ ನಿವೃತ್ತನಾಗುವ ದಿನ ಕೋಟು ಧರಿಸಬೇಕೆಂದು ನಾನು ತೀರ್ಮಾನಿಸಿದೆ. ಜೀವಮಾನವೆಲ್ಲ ಅರ್ಧತೋಳಿನ ಅಂಗಿಯಲ್ಲಿ ನಿಂತು ಸ್ಟೋರಿನ ಕಿಟಕಿಯಿಂದ ನಟ್ಟು ಬೋಲ್ಟು ಕೊಟ್ಟವನು ಕೊನೆಯ ದಿನವಾದರೂ ಸಾಹೇಬನಂತೆ ಕಾಣಬಾರದೇ?

"ಕೋಟ್ ಯಾಕ್ ಬೇಕ್ರಿ? ಬಿಳಿ ಅಂಗಿ ಅದ ಅಲ್ಲ," ಎಂದಳು ನನ್ನ ಹೆಂಡತಿ ಶಾಂತಾ. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡು ದರ್ಜಿಗೆ ಹೇಳಿ ಕಳಿಸಿದೆ.

ಕಾತ್ರಜದ ನಮ್ಮ ಓಣಿಯ ದರ್ಜಿ ಟೇಪು ಹಿಡಿದು ಬಂದಾಗ ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಉಸಿರು ಬಿಡಿ ಎಂದು ಅವನು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದ. ನನ್ನ ಸಹಜ ಆಕಾರವೇ ಇದು ಎಂದು ನಂಬಿಸಿದೆ. ಟ್ರಯಲ್ ದಿನ ಎಲ್ಲ ಸರಿಯಾಗಿದೆಯೇ ಎಂದು ಕೇಳಿದಾಗ ಬರೀ ತಲೆಯಾಡಿಸಿದೆ. ಬಾಯಿ ಬಿಟ್ಟರೆ ಹೊಟ್ಟೆ ಹೊರಗೆ ಬರುತ್ತಿತ್ತು!

ಸಮಾರಂಭದ ದಿನ ಎರಡೂ ಗುಂಡಿ ಹಾಕಿದೆ. ಕೆಳಗಿನದನ್ನು ಹಾಕಬಾರದಂತೆ, ಅದು ಆಮೇಲೆ ತಿಳಿಯಿತು. ಬೆನ್ನಿನ ಕೆಳಗಿನ ಸೀಳಿಗೆ ದರ್ಜಿ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿದ್ದ. ತೊಡುವ ಮೊದಲು ಅದನ್ನು ಬಿಚ್ಚಬೇಕಿತ್ತು. ನಾನು ಡಿಸೈನ್ ಎಂದುಕೊಂಡೆ. ವೇದಿಕೆಯಲ್ಲಿ ಕೂತ ಕೂಡಲೇ ಕೋಟಿನ ಭುಜಗಳೆರಡೂ ಎದ್ದು ಕಿವಿ ಮುಟ್ಟಿದವು.

ಮೈಕಿನ ಮುಂದೆ ನಿಂತು ಮರಾಠಿಯಲ್ಲಿ "ಮಿತ್ರಾಂನೋ" ಎಂದೆ. ಮುಂದಿನ ಶಬ್ದಕ್ಕೆ ಒಳಗೆ ಗಾಳಿಯೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಕರವಸ್ತ್ರ ಇಡೋಣವೆಂದರೆ ಜೇಬಿನ ಬಾಯಿಯನ್ನೂ ಹೊಲಿದಿದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ತೋಳಿನಿಂದ ಒರೆಸಿಕೊಂಡೆ. ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದು ಮ್ಯಾನೇಜರ್ ಎದ್ದು ಬಂದು ಬಿಗಿಯಾಗಿ ಅಪ್ಪಿಕೊಂಡರು. ಗುಂಡಿ ಹಾರಿತು. ಬೆನ್ನು ಪರ್ರೆಂದಿತು. ಸಭೆಯೆಲ್ಲ ಚಪ್ಪಾಳೆ!

ಕೊನೆಗೂ ಉಸಿರು ಬಂತು. ಇನ್ನು ಮಾತಾಡಬಹುದೆಂದು ಮೈಕಿನತ್ತ ತಿರುಗಿದೆ. ಅಷ್ಟರಲ್ಲಿ ಶಿಫ್ಟಿನ ಭೋಂಗಾ ಕೂಗಿತು. ಜನ ಸಮೋಸ ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದರು. ಖಾಲಿ ಕುರ್ಚಿಗಳಿಗೆ ನಾನು ಕೈ ಮುಗಿದೆ.

ಮನೆಗೆ ಹೋಗುವ ಬಸ್ಸಿನಲ್ಲಿ ದುಃಖ ತಡೆಯಲಾರದೆ ಇಡೀ ಭಾಷಣವನ್ನು ಸಮಾರಂಭಕ್ಕೆ ಜೊತೆಗೆ ಬಂದಿದ್ದ ಶಾಂತಾಳಿಗೆ ಒಪ್ಪಿಸಿದೆ. ಸ್ಟೋರಿಗಾಗಿ ನಾನು ಪಟ್ಟ ಕಷ್ಟ, ನಾನಿಲ್ಲದೆ ಕಾರ್ಖಾನೆ ನಡೆಯುವುದು ಹೇಗೆ ಎಂಬ ಚಿಂತೆ, ಯಾವುದನ್ನೂ ಬಿಡಲಿಲ್ಲ. ಸ್ವಾರಗೇಟ್ ದಾಟುವವರೆಗೂ ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಕೋಟ್ ಬಿಗಿ ಆದದ್ದು ಭಾಳ ಛಲೋ ಆತು ಬಿಡ್ರಿ," ಎಂದಳು.