ನಾಲ್ಕು ತಲೆಗೆ ಕಾಡಿನ ಪರ್ಮಿಟ್ಟು

ನನ್ನ ಹೆಂಡತಿ ಗಿರಿಜೆಯ ತಮ್ಮ ಸೋಮಶೇಖರ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ. ಅದು ಎಪ್ಪತ್ತರ ದಶಕದ ಕೊನೆ. ಆ ಬೇಸಿಗೆಯಲ್ಲಿ ಹೆಂಡತಿ ನಳಿನಿಯೊಡನೆ ಮಾಯಸಂದ್ರದ ನಮ್ಮ ಮನೆಗೆ ಬರುವುದಾಗಿಯೂ, ಎಲ್ಲರೂ ಮೈಸೂರಿನಾಚೆಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಕಾಡಿನೊಳಗೇ ಡೇರೆ ಹಾಕಿ ಮಲಗಬೇಕೆಂದೂ ಬರೆದ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಂತೆ. ಭಾವನ ಕೈಲಿ ಆದೀತೇ ಎಂಬ ಅನುಮಾನವನ್ನೂ ಕೆಳಗೆ ಸೇರಿಸಿದ್ದ. ನನ್ನ ಮದುವೆಯಾದಂದಿನಿಂದ ಅವನಿಗೆ ನನ್ನ ಮೇಲೆ ಅನುಮಾನವೇ. ಹೀಗಾಗಿ ಅನುಮತಿ ತರುವುದು ನನ್ನ ಮಾನದ ಪ್ರಶ್ನೆಯಾಯಿತು.

ಮೈಸೂರಿಗೇ ಹೋಗಿ ವಿಚಾರಿಸಿ ಎಂದಳು ಗಿರಿಜೆ. ಕಾಡು ಎಲ್ಲಿದ್ದರೂ ಸರ್ಕಾರ ಒಂದೇ ಎಂದು ಅವಳಿಗೆ ತಿಳಿಹೇಳಿ, ಬಸ್ಸು ಹತ್ತಿ ಹತ್ತಿರದ ಅರಣ್ಯ ಕಚೇರಿಗೆ ಹೋದೆ.

ಅಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡವರ ಉದ್ದನೆಯ ಸಾಲಿತ್ತು. ನಾನೂ ನಿಂತೆ. ನನ್ನ ಸರದಿ ಬಂದಾಗ, ಕಾಡಲ್ಲಿ ಎರಡು ದಿನಕ್ಕೆ ಅನುಮತಿ ಬೇಕೆಂದೆ. ಗುಮಾಸ್ತರು ತಲೆ ಎತ್ತಲಿಲ್ಲ.

"ಎಷ್ಟು ತಲೆ?"

"ನಾಲ್ಕು ಸಾರ್."

"ಗಂಡೆಷ್ಟು, ಹೆಣ್ಣೆಷ್ಟು?"

"ಎರಡೆರಡು."

ರೋಗ ರುಜಿನ ಇದೆಯೇ ಎಂದು ಕೇಳಿದರು. ಪ್ರಜೆಗಳ ಆರೋಗ್ಯದ ಬಗ್ಗೆ ಸರ್ಕಾರಕ್ಕಿರುವ ಕಾಳಜಿ ಕಂಡು ನನ್ನ ಮನಸ್ಸು ತುಂಬಿ ಬಂತು. ರಾತ್ರಿಯೂ ಅಲ್ಲೇನಾ ಎಂದರು. ಹೌದೆಂದೆ.

"ಚಿರತೆ ಹೊತ್ಕೊಂಡೋದ್ರೆ ನಮ್ಮನ್ನ ಕೇಳಂಗಿಲ್ಲ ಕಣ್ರೀ."

ಭಾವಮೈದನನ್ನು ನೆನೆದು ಧೈರ್ಯವಾಗಿ ಒಪ್ಪಿಕೊಂಡೆ. ಊರು, ತಾರೀಖು ಕೇಳಿ ಬರೆದುಕೊಂಡರು. ಠಪ್ಪನೆ ಮೊಹರು ಬಿತ್ತು. ಮೊಹರಿನ ಅಂದವನ್ನಷ್ಟೇ ನೋಡಿ, ಕಾಗದ ಮಡಿಚಿ ಜೇಬಿಗಿಟ್ಟೆ.

ಗೊತ್ತಾದ ದಿನ ಡೇರೆಯನ್ನು ಕೊಬ್ಬರಿ ಚೀಲಕ್ಕೆ ತುಂಬಿಕೊಂಡು ನಾಲ್ವರೂ ಹೊರಟೆವು. ಕಚೇರಿ ಕೆಲಸ ಮಾಡಿಸಿಕೊಳ್ಳುವ ಕಲೆಯ ಬಗ್ಗೆ ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟೆ. ಸೋಮಶೇಖರ ಅದೇ ಮೊದಲ ಸಲ ನನ್ನ ಮಾತನ್ನು ಗೌರವದಿಂದ ಕೇಳಿದ. ಅದೇ ಕೊನೆಯ ಸಲವೂ ಆಯಿತು!

ಉದ್ಯಾನದ ಗೇಟಿನಲ್ಲಿ ಗಾರ್ಡು ಕಾಗದವನ್ನು ಎರಡು ಸಲ ಓದಿದ. ಆಮೇಲೆ ನಮ್ಮ ಬೆನ್ನ ಹಿಂದಿನ ರಸ್ತೆಯನ್ನು ನೋಡಿದ.

"ದನ ಎಲ್ಲಿ?"

ಯಾವ ದನ ಎಂದೆ. ಗಿರಿಜೆ ಕಾಗದ ಇಸಿದುಕೊಂಡು ಗಟ್ಟಿಯಾಗಿ ಓದಿದಳು. ಮಾಯಸಂದ್ರದ ಪಕ್ಕದ ಕಾವಲಿನಲ್ಲಿ ಎರಡು ಎತ್ತು, ಎರಡು ಹಸು ಎರಡು ದಿನ ಮೇಯಲು ಅನುಮತಿ ಇದೆ! ಹಸು ಎಂಬಲ್ಲಿ ಓದು ನಿಲ್ಲಿಸಿ ನನ್ನ ಮುಖ ನೋಡಿದಳು. ಅಂದು ಕಚೇರಿಯಲ್ಲಿದ್ದದ್ದು ದನ ಮೇಯಿಸುವವರ ಸಾಲು ಎಂದು ನನಗೆ ಆಗ ಹೊಳೆಯಿತು.

ಇಲ್ಲಿಗೆ ಬೇಕಾದ ಅನುಮತಿ ಮೈಸೂರಿನಲ್ಲೇ ಸಿಗುತ್ತದೆ, ಇಲ್ಲಿ ಯಾರೂ ಮೇಯುವಂತಿಲ್ಲ ಎಂದು ಗಾರ್ಡು ವಿನಯದಿಂದ ತಿಳಿಸಿದ. ನಳಿನಿ ನಕ್ಕೂ ನಕ್ಕೂ ಡೇರೆಯ ಚೀಲದ ಮೇಲೆ ಕುಸಿದಳು. ಸೋಮಶೇಖರ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ವಾಪಸು ಬಸ್ಸಿನಲ್ಲಿ ಆ ಕಾಗದವನ್ನು ಇನ್ನೊಮ್ಮೆ ಬಿಡಿಸಿ ಓದಿ, ನನ್ನ ಕಡೆ ತಿರುಗಿದ.

"ಭಾವ, ಪರ್ಮಿಟ್ಟಲ್ಲಿ ಇನ್ನೂ ಒಂದು ದಿನ ಐತೆ. ದಂಡ ಮಾಡೋದ್ಯಾಕೆ?"

ಹೀಗೆ ಮಾರನೆಯ ದಿನ ಮಧ್ಯಾಹ್ನ ನಮ್ಮೂರ ಕಾವಲಿನಲ್ಲೇ ಡೇರೆ ಎದ್ದಿತು. ಚಿತ್ರಾನ್ನ ಬಿಚ್ಚುವಷ್ಟರಲ್ಲಿ ಕಾವಲುಗಾರ ಬಂದು ಪರ್ಮಿಟ್ಟು ಕೇಳಿದ. ಬೇರೆ ದಾರಿಯಿಲ್ಲದೆ ಕೊಟ್ಟೆ. ಅವನು ನಿಧಾನವಾಗಿ ಓದಿ, ನಮ್ಮನ್ನು ಒಬ್ಬೊಬ್ಬರಾಗಿ ಎಣಿಸಿ, ಮುಖದ ಗೆರೆಯೂ ಅಲುಗದಂತೆ ಹೇಳಿದ:

"ಸರಿ ಐತೆ. ತೆಂಗಿನ ಸಸಿ ಕಡೆ ನುಗ್ಗದಂಗೆ ನೋಡ್ಕಳಿ."

ಗಿರಿಜೆ ನನ್ನತ್ತ ಬೆರಳು ತೋರಿಸಿದಳು.

"ಇದೊಂದನ್ನ ಕಟ್ಟಾಕ್ತೀನಿ ಬುಡಣ್ಣ."