ರೊಟ್ಟಿಗೆ ಹೆದರಿದ ಹಾರ್ಡ್‌ಡಿಸ್ಕ್

ಬೈಲಹೊಂಗಲದಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಲ್ಲವನು ಆಗ ನಾನೊಬ್ಬನೇ. ಹಾಗೆಂದು ಹೇಳುತ್ತಿದ್ದವನೂ ನಾನೊಬ್ಬನೇ! ಅದು ಫ್ಲಾಪಿಗಳ ಕಾಲ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಕಂಪ್ಯೂಟರ್ ಕ್ಲಾಸು. ಅಡುಗೆಮನೆಯ ಗೋಡೆಗೆ ಕೂಡಿಸಿದ ಕಡಪಾ ಕಲ್ಲಿನ ಮೇಲೆ ಲಿನಕ್ಸ್ ಸರ್ವರು ವಿರಾಜಮಾನವಾಗಿತ್ತು. ಡಿಪ್ಲೊಮಾ ಹುಡುಗಿಯರ ವರ್ಷದ ಪ್ರಾಜೆಕ್ಟುಗಳೆಲ್ಲ ಅದರ ಹೊಟ್ಟೆಯಲ್ಲಿ. ಬೇರೆ ಪ್ರತಿ ಇರಲಿಲ್ಲ. ಲಿನಕ್ಸ್ ಕೆಡುವುದೇ ಇಲ್ಲ ಎಂದು ಪಾಠ ಹೇಳುವವನು ಪ್ರತಿ ಇಟ್ಟುಕೊಂಡರೆ ಮರ್ಯಾದೆ ಉಳಿಯುತ್ತದೆಯೇ?

ದಸರೆ ಮುಗಿದ ಮರುವಾರ ಪರೀಕ್ಷೆ. ಬೆಳಗಾವಿಯಿಂದ ಪರೀಕ್ಷಕರು ಬರುವವರಿದ್ದರು. ಸರಿಯಾಗಿ ಆಗಲೇ ಸರ್ವರು ‘ಡಿಸ್ಕ್ ಓದಲಾಗುತ್ತಿಲ್ಲ’ ಎಂದು ಪರದೆ ತುಂಬ ಗೀಚತೊಡಗಿತು. ತುಸು ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಮತ್ತೆ ಗೀಚುತ್ತಿತ್ತು. ಪ್ರಾಜೆಕ್ಟುಗಳು ಹೋದರೆ ಹುಡುಗಿಯರ ವರ್ಷವೇ ಹೋದಂತೆ. ನನಗೆ ಊಟ ಸೇರಲಿಲ್ಲ.

ವೈಜ್ಞಾನಿಕ ತಪಾಸಣೆ ಆರಂಭಿಸಿದೆ. ಡಿಸ್ಕ್ ರಿಪೇರಿಯ ಕಮಾಂಡು ಓಡಿಸಿದೆ. ಪ್ರಯೋಜನವಾಗಲಿಲ್ಲ. ಅನುಮಾನ ಕರೆಂಟಿನ ಮೇಲೆ ಹೊರಳಿತು. ಅರ್ಥಿಂಗ್ ಗುಂಡಿಗೆ ಉಪ್ಪುನೀರು ಸುರಿದೆ.

“ರೀ, ಡಬ್ಬಿಯಾಗಿನ ಉಪ್ಪು ಎಲ್ಲಿ ಹೋತ್ರಿ?” ಒಳಗಿನಿಂದ ಹೆಂಡತಿ ಶಿವಲೀಲಾ ಕೂಗಿದಳು.

“ಭೂಮಿಗೆ ಹಾಕೇನಿ!”

“ಹಂಗಾರ ಪಲ್ಯಾಕ್ಕ ಮಣ್ಣ ಹಾಕ್ಲೇನ್ರಿ?”

ಮರುದಿನ ಬೆಳಿಗ್ಗೆ ಗುಟ್ಟು ಹೊಳೆಯಿತು. ಗೋಡೆಯಾಚೆ ಶಿವಲೀಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಟಪ್ ಟಪ್ ಎಂದಾಗಲೆಲ್ಲ ಕಲ್ಲು ನಡುಗಿ ಪರದೆಯ ಮೇಲೆ ದೋಷದ ಸಾಲು ಮೂಡುತ್ತಿತ್ತು. ರೊಟ್ಟಿ ಹಂಚಿಗೇರಿದರೆ ಸರ್ವರು ಶಾಂತ!

“ಪರೀಕ್ಷಾ ಮುಗಿಯೂತನಕ ಮನಿಯಾಗ ರೊಟ್ಟಿ ಬಂದ್!” ಎಂದು ಆಜ್ಞೆ ಹೊರಡಿಸಿದೆ.

“ರೊಟ್ಟಿ ಬಡಿಯೂ ಸಪ್ಪಳಕ್ಕ ಅಂಜೂ ಮಶಿನ್ ಯಾಕ ತಂದ್ರಿ? ಎಂಥವರು ಎಂಥಾದ್ದ ಆರಿಸಿ ತಂದೀರಿ!”

ನಮ್ಮ ಮನೆಯಲ್ಲಿ ರೊಟ್ಟಿ ಬಿಟ್ಟು ಬರೀ ಅನ್ನ ಉಣ್ಣುವುದು ಜ್ವರ ಬಂದಾಗ ಮಾತ್ರ. ಮಧ್ಯಾಹ್ನ ತಾಟಿನಲ್ಲಿ ಬರೀ ಅನ್ನ ಕಂಡು ಅಪ್ಪ ಗಾಬರಿಯಾದರು. “ಯಾಕವಾ, ಯಾರಿಗೆ ಜ್ವರಾ ಬಂದಾವ?”

“ನಿಮ್ಮ ಮಗನ ಮಶಿನ್ನಿಗ್ರಿ, ಮಾವಾರ.”

ದೋಷ ನಿಂತೇಬಿಟ್ಟಿತು! ಆಗಲಾದರೂ ಪ್ರತಿ ತೆಗೆದಿಡಬಹುದಿತ್ತು. ನಾನು ತೆಗೆದದ್ದು ಪಾಠ! ಹುಡುಗಿಯರನ್ನು ಕೂರಿಸಿಕೊಂಡು ನನ್ನ ಸಂಶೋಧನೆಯನ್ನು ಕೈಬೀಸಿ ವಿವರಿಸಿದೆ. ಅವರು ಎಂದೂ ಇಲ್ಲದಷ್ಟು ಶ್ರದ್ಧೆಯಿಂದ ಕೇಳಿದರು.

ಪರೀಕ್ಷೆಯ ದಿನ ಪರೀಕ್ಷಕರು ಬಂದು ಕುರ್ಚಿಯಲ್ಲಿ ಕೂತರು. ಹುಡುಗಿಯರು ಗಡಿಬಿಡಿಯಲ್ಲಿ ಸರಿಸಿದ ಬೆಂಚು ಗೋಡೆಗೆ ಬಡಿಯಿತು. ಪರದೆ ತುಂಬ ದೋಷ! ಮನೆಯಲ್ಲಿ ಅನ್ನ, ಆದರೂ ದೋಷ!

“ಸರ, ನಮ್ಮ ಪ್ರಾಜೆಕ್ಟ್ ಹೋದೂವೇನ್ರಿ?” ಗೀತಾ ಎಂಬ ಹುಡುಗಿ ಅಳತೊಡಗಿದಳು. ನನಗೂ ಅಳುವೇ ಬಂದಿತ್ತು.

ಸರ್ವರು ಬಂದ್ ಮಾಡಿ ಅದರ ಮುಚ್ಚಳ ಬಿಚ್ಚಿದೆ. ಒಳಗೆ ಬಾಡಿದ ಚೆಂಡುಹೂವು! ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ, ಹೊರಗಿನ ತಗಡಿಗೆ ಮಾಡಿದ ಪೂಜೆ ಒಳಗಿನ ಡಿಸ್ಕಿಗೆ ತಲುಪೀತೋ ಇಲ್ಲವೋ ಎಂದು, ನಾನೇ ಮುಚ್ಚಳ ತೆಗೆದು ಡಿಸ್ಕಿಗೆ ನೇರವಾಗಿ ಕುಂಕುಮ ಹಚ್ಚಿ ಹೂವು ಏರಿಸಿದ್ದೆ. ಆಗ ನನ್ನ ಕೈ ತಾಗಿ ಸಡಿಲಾದ ಕೇಬಲ್ಲು ಅರ್ಧ ಹೊರಗೆ ನೇತಾಡುತ್ತಿತ್ತು. ಗೋಡೆ ಅದುರಿದಾಗಲೆಲ್ಲ ಅಲುಗುತ್ತಿದ್ದದ್ದು ಅದೇ. ಭಕ್ತಿಯ ಫಲ! ಹೆಬ್ಬೆರಳಿನಿಂದ ಒತ್ತಿದೆ. ಟಕ್! ಮತ್ತೆ ಚಾಲೂ ಮಾಡಿದರೆ ಪ್ರಾಜೆಕ್ಟುಗಳೆಲ್ಲ ಕ್ಷೇಮ. ಗೀತಾ ಕಣ್ಣೊರೆಸಿಕೊಂಡಳು.

ಹೂವನ್ನು ಗುಟ್ಟಾಗಿ ಕಿಸೆಗೆ ತುರುಕಿ ಪರೀಕ್ಷಕರ ಪಕ್ಕದಲ್ಲಿ ತಜ್ಞನ ಗತ್ತಿನಿಂದ ನಿಂತೆ. ಅವರು ಪ್ರಾಜೆಕ್ಟುಗಳನ್ನು ನೋಡಿ ತಲೆದೂಗಿ, ಮೌಖಿಕ ಪ್ರಶ್ನೆಗೆ ಇಳಿದರು.

“ಈಗ ನೋಡಿದಿರಲ್ಲಾ, ಹಿಂಗ ಹಾರ್ಡ್‌ಡಿಸ್ಕಿನ್ಯಾಗ ಆಗಾಗ ದೋಷ ಬಂದ್ರ ಮೊದಲ ಏನ್ ಮಾಡಬೇಕವಾ?”

ಗೀತಾ ಎದ್ದು ನಿಂತು ಕೈಕಟ್ಟಿಕೊಂಡು ಉತ್ತರಿಸಿದಳು: “ಮನಿಯಾಗ ರೊಟ್ಟಿ ಬಂದ್ ಮಾಡಬೇಕ್ರಿ ಸರ.”

ಪರೀಕ್ಷಕರು ಕನ್ನಡಕ ತೆಗೆದರು. “ಇದನ್ನ ಯಾರು ಕಲಿಸ್ಯಾರ?”

“ನಮ್ಮ ಸರ್ರು!” ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ವರ್ಷವಿಡೀ ನಾನು ಕಲಿಸಿದ್ದರಲ್ಲಿ ಎಲ್ಲರಿಗೂ ಬಾಯಿಪಾಠ ಬಂದದ್ದು ಅದೊಂದೇ!