ನೊಣದ ನಿಟ್ಟುಸಿರು ಕೇಳುವ ಯಂತ್ರ

"ಹಾಕ್ಕೋ ಸುನಂದಾ, ಇನ್ನು ನೊಣ ನಿಟ್ಟುಸಿರು ಬಿಟ್ರೂ ನಿನಗೆ ಕೇಳ್ಸುತ್ತೆ!" ಎಂದು ಧರಣೇಂದ್ರಯ್ಯನವರು ಅವರೆಕಾಳಿನಷ್ಟಿದ್ದ ಯಂತ್ರವನ್ನು ಹೆಂಡತಿಯ ಕಿವಿಗೆ ಸಿಕ್ಕಿಸಿದರು.

ದೂರದ ನಕ್ಷತ್ರಗಳ ರೇಡಿಯೊ ಅಲೆ ಹಿಡಿಯುವ ಆಂಟೆನಾ, ರಿಸೀವರ್ ಕಟ್ಟುತ್ತಲೇ ತಲೆ ನರೆತ ಎಂಜಿನಿಯರ್ ಅವರು. ನಿವೃತ್ತರಾಗಿ ತುಮಕೂರಿನ ಮನೆಗೆ ಬಂದು ಕೂತ ಮೇಲಷ್ಟೇ ಗೊತ್ತಾದದ್ದು, ಸುನಂದಮ್ಮನವರಿಗೆ ಕಿವಿ ಕೇಳುವುದಿಲ್ಲವೆಂದು! ಇನ್ನಾದರೂ ಇವಳೊಡನೆ ಕೂತು ಮಾತಾಡಬೇಕೆಂಬ ಆಸೆಯಿಂದ ತಿಂಗಳುಗಟ್ಟಲೆ ಮಹಡಿಯ ಕೋಣೆಯಲ್ಲಿ ಬೆಸುಗೆ ಹಾಕಿದ್ದರು.

ಸುನಂದಮ್ಮನವರ ಮುಖ ಅರಳಿತು. "ಅಯ್ಯೋ, ಪಕ್ಕದ ಮನೆ ಇಂದ್ರಮ್ಮನ ಒಗ್ಗರಣೆ ಸಿಡೀತಾ ಇದೆ! ಹಿಂದಿನ ಬೀದೀಲಿ ಯಾರೋ ಸೊಸೆ ಅತ್ತೇನ ಬಯ್ತಾ ಇದಾಳೆ!"

"ನಾನು ಮಾತಾಡೋದು ಕೇಳ್ತಾ ಇದ್ಯಾ?"

"ಪಾಪ, ಸರಿಯಾಗೇ ಬಯ್ತಾ ಇದಾಳೆ!"

"ಸುನಂದಾ!"

"ಯಾಕ್ರೀ ಬರೀ ಬಾಯಿ ಆಡಿಸ್ತೀರ? ಗಟ್ಟಿಯಾಗಿ ಹೇಳಿ!"

ಸಂಜೆಯೊಳಗೆ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡರು. ಸುನಂದಮ್ಮನವರು ಗೇಟಿನಲ್ಲಿ ನಿಂತು, "ಬಿಪಿ ಇಟ್ಕೊಂಡು ಕದ್ದು ನಿಪ್ಪಟ್ಟು ತಿಂತೀರಾ ಮೇಷ್ಟ್ರೆ? ಕಟುಂ ಅಂತು!" ಎಂದು ಎದುರುಮನೆಗೆ ಕೂಗಿದ್ದರು. ಅವರಿಗೆ ಕೇಳದೆ ಉಳಿದದ್ದು ಗಂಡನ ದನಿಯೊಂದೇ.

ಧರಣೇಂದ್ರಯ್ಯನವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಕಾಶದ ಕ್ಷೀಣ ಸದ್ದು ಸಿಗಬೇಕಾದರೆ, ಸದಾ ಇರುವ ಗದ್ದಲ ಯಾವುದೆಂದು ರಿಸೀವರಿಗೆ ಮೊದಲು ಕಲಿಸಿ ಅದನ್ನು ಕಳೆಯಬೇಕು. ಅಭ್ಯಾಸಬಲದಿಂದ ಇದಕ್ಕೂ ಹಾಗೇ ಕಲಿಸಿದ್ದರು. ಆ ಕೋಣೆಯಲ್ಲಿ ಸದಾ ಇದ್ದ ಗದ್ದಲವೆಂದರೆ ಬೆಸುಗೆ ಹಾಕುತ್ತಾ ಅವರೇ ಗೊಣಗುತ್ತಿದ್ದುದು! ಯಂತ್ರ ಅವರನ್ನೇ ಚೊಕ್ಕವಾಗಿ ಕಳೆದುಹಾಕಿತ್ತು.

ರಿಪೇರಿಗೆಂದು ಕೈ ಚಾಚಿದರೆ ಸುನಂದಮ್ಮನವರು ಕಿವಿ ಮುಚ್ಚಿಕೊಂಡರು. "ಮುಟ್ಟಿದ್ರೆ ನೋಡಿ! ಒಗ್ಗರಣೆ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತು ಗೊತ್ತಾ?" ಅವರ ಕಣ್ಣು ತುಂಬಿತ್ತು. ಧರಣೇಂದ್ರಯ್ಯನವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಇಂದ್ರಮ್ಮ ಜಗಳಕ್ಕೆಂದೇ ಒಳಗೆ ಬಂದರು. ಧರಣೇಂದ್ರಯ್ಯನವರು ಅವರನ್ನೇ ಹಿಡಿದು ಕೂರಿಸಿಕೊಂಡರು. "ಜಗಳ ಆಮೇಲೆ ಆಡಿ. ಮೊದಲು ಇವಳನ್ನ ಒಂದು ಮಾತು ಕೇಳಿ. ಕಿವಿ ಮಂದ ಆಗ್ತಾ ಇದೆ ಅಂತ ನನಗೆ ಆಗ್ಲೇ ಯಾಕೆ ಹೇಳ್ಲಿಲ್ಲ?"

ಇಂದ್ರಮ್ಮ ಹಾಗೇ ಕೇಳಿದರು.

ಸುನಂದಮ್ಮನವರು ಗಂಡನನ್ನೇ ನೋಡುತ್ತಾ ಇಂದ್ರಮ್ಮನಿಗೆ ಹೇಳಿದರು: "ಹೇಳಿದ್ದೆ ಅಂತ ಹೇಳಮ್ಮ. ರಜಕ್ಕೆ ಬಂದಾಗಲೆಲ್ಲ ಹೇಳಿದ್ದೆ. ಅವರು ನಕ್ಷತ್ರದ ಸದ್ದು ಕೇಳಿಸ್ಕೊಳ್ತಾ ಇದ್ರು."

ಇಂದ್ರಮ್ಮ ಇತ್ತ ತಿರುಗಿ, ಅದನ್ನೇ ಒಪ್ಪಿಸಲು ಬಾಯಿ ತೆರೆದರು.

"ಬೇಡಮ್ಮ," ಎಂದರು ಧರಣೇಂದ್ರಯ್ಯನವರು. "ಈ ಸಲ ಕೇಳಿಸ್ತು."